ಊರಿನ ಹೆಸರು, ಉತ್ಪನ್ನದ ಕಟ್ಟಳೆ: ದಕ್ಷಿಣ ಫ್ರಾನ್ಸಿನ ಒಂದು ಕೆಂಪು ವೈನ್

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ರೋನ್ ನದಿಯ ಎಡದಂಡೆಯ ಮೇಲೆ, ಓರಾಂಜ್ ಮತ್ತು ಅವಿನ್ಯೋಂ ಪಟ್ಟಣಗಳ ನಡುವೆ ಶಾತೊನೆಫ್ ದ್ಯು ಪಾಪ್ ಎಂಬ ಚಿಕ್ಕ ಊರಿದೆ. ‘ಪೋಪರ ಹೊಸ ಕೋಟೆ’ ಎಂಬುದು ಈ ಹೆಸರಿನ ಅರ್ಥ. 14ನೆಯ ಶತಮಾನದಲ್ಲಿ ಪೋಪರ ಪೀಠವು ಅವಿನ್ಯೋಂನಲ್ಲಿ ನೆಲೆಸಿದ್ದಾಗ, 22ನೆಯ ಜಾನ್ ಪೋಪರು ಇಲ್ಲಿ ಕೋಟೆಯೊಂದನ್ನು ಕಟ್ಟಿಸಿದ್ದರು. ಇಂದು ಊರಿನ ಹೆಸರೇ ಜಗತ್ತಿನ ಮಾರುಕಟ್ಟೆಯಲ್ಲಿ ಒಂದು ಕೆಂಪು ವೈನಿನ ಹೆಸರಾಗಿದೆ. ಸುಮಾರು 3,200 ಹೆಕ್ಟೇರ್ ದ್ರಾಕ್ಷಿತೋಟಗಳ ಈ ಪ್ರದೇಶವು ತನ್ನ ಹೆಸರನ್ನು ಉಳಿಸಿಕೊಂಡ ಬಗೆ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಅಧ್ಯಯನಯೋಗ್ಯವಾಗಿದೆ.

ಕಟ್ಟಳೆಯ ಹುಟ್ಟು

20ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ವೈನ್ ವ್ಯಾಪಾರದಲ್ಲಿ ಕಲಬೆರಕೆಯೂ ಹೆಸರಿನ ದುರ್ಬಳಕೆಯೂ ವ್ಯಾಪಕವಾಗಿದ್ದವು. ಬೇರೆಡೆಯ ಅಗ್ಗದ ಸರಕು ಪ್ರಸಿದ್ಧ ಊರಿನ ಹೆಸರಿನಲ್ಲಿ ಮಾರಾಟವಾದರೆ ನಷ್ಟ ನಿಜವಾದ ಬೆಳೆಗಾರನಿಗೆ. 1923ರಲ್ಲಿ ಶಾತೊನೆಫ್‌ನ ಬೆಳೆಗಾರರು ವಕೀಲರೂ ತೋಟದ ಒಡೆಯರೂ ಆಗಿದ್ದ ಬ್ಯಾರನ್ ಪಿಯರ್ ಲ ರ್ವಾ ಅವರ ನಾಯಕತ್ವದಲ್ಲಿ ಸಂಘಟಿತರಾದರು. ಅನ್ಯರನ್ನು ದೂರುವುದಕ್ಕೆ ಮುನ್ನ ಅವರು ತಮಗೆ ತಾವೇ ಕಟ್ಟಳೆಗಳನ್ನು ವಿಧಿಸಿಕೊಂಡರು. ಲ್ಯಾವೆಂಡರ್ ಮತ್ತು ಥೈಮ್ ಗಿಡಗಳು ಬೆಳೆಯುವಂಥ ಒಣ, ಬಡ ನೆಲದ ದ್ರಾಕ್ಷಿಗೆ ಮಾತ್ರ ಈ ಹೆಸರು. ಗೊತ್ತುಪಡಿಸಿದ ತಳಿಗಳಿಗೆ ಮಾತ್ರ ಅವಕಾಶ. ಮದ್ಯಸಾರ ಕನಿಷ್ಠ ಶೇ. 12.5, ಕೆಟ್ಟ ಹಣ್ಣನ್ನು ಆರಿಸಿ ತೆಗೆಯುವುದು ಕಡ್ಡಾಯ. ದಶಕದ ವ್ಯಾಜ್ಯದ ಬಳಿಕ 1933ರಲ್ಲಿ ನ್ಯಾಯಾಲಯದ ಮನ್ನಣೆ ದೊರೆಯಿತು. 1936ರಲ್ಲಿ ಇದು ಫ್ರಾನ್ಸಿನ ರಾಷ್ಟ್ರೀಯ ಮೂಲಸ್ಥಾನ ನಿಯಮಾವಳಿಗೆ ಒಳಪಟ್ಟ ಮೊದಲ ವೈನ್‌ಗಳಲ್ಲಿ ಒಂದಾಯಿತು.

ಕಟ್ಟಳೆಯಿಂದ ರುಚಿ

ಇಲ್ಲಿನ ಹಲವು ತೋಟಗಳಲ್ಲಿ ನೆಲವನ್ನು ದುಂಡು ಕಲ್ಲುಗಳು ಮುಚ್ಚಿವೆ. ಹಗಲಿನ ಬಿಸಿಲನ್ನು ಹೀರಿದ ಕಲ್ಲುಗಳು ರಾತ್ರಿ ಶಾಖವನ್ನು ಹೊರಸೂಸುತ್ತವೆ. ಮಿಸ್ತ್ರಾಲ್ ಎಂಬ ಬಡಗಣ ಗಾಳಿ ಗೊಂಚಲುಗಳನ್ನು ಒಣಗಿಸಿ ಬೂಷ್ಟು ತಗುಲದಂತೆ ಕಾಯುತ್ತದೆ. ಇಳುವರಿಯ ಮಿತಿ ಹೆಕ್ಟೇರಿಗೆ ಸುಮಾರು 3,500 ಲೀಟರ್. ಕೊಯ್ಲು ಕೈಯಿಂದಲೇ ಆಗಬೇಕು. ಮುಖ್ಯ ತಳಿಯಾದ ಗ್ರೆನಾಶ್‌ನಲ್ಲಿ ಸಕ್ಕರೆಯ ಅಂಶ ಅಧಿಕ. ಸಿರಾ ತಳಿ ಬಣ್ಣವನ್ನೂ ಮೂರ್ವೇದ್ರ್ ತಳಿ ಒಗರನ್ನೂ ಕೂಡಿಸುತ್ತವೆ. ಆದ್ದರಿಂದ ಕನಿಷ್ಠ ಮಿತಿ ಶೇ. 12.5 ಆಗಿದ್ದರೂ ಬಹುತೇಕ ವೈನ್‌ಗಳಲ್ಲಿ ಮದ್ಯಸಾರ ಶೇ. 14ನ್ನು ಮೀರುತ್ತದೆ.

ಒಪ್ಪುವ ಆಹಾರ

ಇಷ್ಟು ತೂಕದ ವೈನಿಗೆ ಅಷ್ಟೇ ತೂಕದ ಊಟ ಬೇಕು. ಮಾಂಸದ ಪ್ರೋಟೀನು ಮತ್ತು ಕೊಬ್ಬು ವೈನಿನ ಒಗರನ್ನು ಮೃದುಗೊಳಿಸುತ್ತವೆ. ಥೈಮ್, ರೋಸ್‌ಮೇರಿ ಸವರಿ ಸುಟ್ಟ ಕುರಿಯ ತೊಡೆ, ಗೋಮಾಂಸವನ್ನು ಕೆಂಪು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ದೋಬ್, ಕಾಡುಹಂದಿ, ಬಾತುಕೋಳಿ, ಹಳೆಯ ಗಟ್ಟಿ ಚೀಸ್ ಇದಕ್ಕೆ ಸರಿಹೊಂದುತ್ತವೆ. ಮಾಂಸ ತಿನ್ನದವರಿಗೆ ಅಣಬೆ ಹಾಗೂ ಬದನೆಕಾಯಿಯ ಖಾದ್ಯಗಳಿವೆ. ನವಿರಾದ ಮೀನು ಮತ್ತು ವಿನೆಗರ್ ಬೆರೆಸಿದ ಸಲಾಡ್ ಇದರೊಂದಿಗೆ ಸಲ್ಲವು. ಅಧಿಕ ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುವುದರಿಂದ ಖಾರದ ಸಾರಿಗೂ ಇದು ಹೊಂದದು. 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬಡಿಸುವುದು ರೂಢಿ.

ವರ್ತಕರಿಗೆ ಪಾಠ

ಈ ವೈನ್ ಎಲ್ಲ ಊಟಕ್ಕೂ ಒಗ್ಗುವುದಿಲ್ಲ. ಒಗ್ಗುವಂತೆ ಮಾಡಲು ಬೆಳೆಗಾರರು ಯತ್ನಿಸಲೂ ಇಲ್ಲ. ಇಳುವರಿ ಹೆಚ್ಚಿಸಿದ್ದರೆ ಸರಕು ಹೆಚ್ಚುತ್ತಿತ್ತು, ಆದರೆ ಕುರಿಮಾಂಸದ ಎದುರು ನಿಲ್ಲುವ ಸತ್ತ್ವ ಉಳಿಯುತ್ತಿರಲಿಲ್ಲ. ಭಾರತದಲ್ಲಿಯೂ 1999ರ ಭೌಗೋಳಿಕ ಸೂಚಿಕೆಗಳ ಕಾಯಿದೆ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿದ್ದು, ಮೈಸೂರು ರೇಷ್ಮೆ, ಕೊಡಗಿನ ಕಿತ್ತಳೆ, ಚನ್ನಪಟ್ಟಣದ ಗೊಂಬೆಗಳಿಗೆ ಅದರ ರಕ್ಷಣೆ ಲಭಿಸಿದೆ. ನೋಂದಣಿಯು ಅನ್ಯರು ಹೆಸರನ್ನು ಬಳಸದಂತೆ ತಡೆಯಬಲ್ಲದು. ಆ ಹೆಸರಿನ ಸರಕು ಹೇಗಿರಬೇಕೆಂದು ನಿರ್ಧರಿಸಿ, ಅದಕ್ಕೆ ತಪ್ಪದೆ ನಡೆಯುವ ಹೊಣೆ ಉತ್ಪಾದಕರ ಸಂಘಗಳದ್ದೇ ಆಗಿದೆ.