ಆತಂಕಗೊಂಡವರ ಶುಶ್ರೂಷೆ



ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾವು ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ವಿಚಾರಿಸುತ್ತೇವೆ. ಬಿ.ಪಿ. ಇದೆ, ಸಕ್ಕರೆ ಕಾಯಿಲೆ ಇದೆ, ಮಂಡಿನೋವು ಇದೆ ಎಂದು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇವೆ. ಆದರೆ "ರಾತ್ರಿ ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಎದೆ ಡವಡವ ಅನ್ನುತ್ತದೆ" ಎಂದು ಹೇಳಲು ಹಿಂಜರಿಯುತ್ತೇವೆ. ಯಾರಾದರೂ ಹೇಳಿದರೂ "ಗ್ಯಾಸ್ಟ್ರಿಕ್ ಇರಬೇಕು" ಎಂದೋ "ಜಪಸರ ಮಾಡಿ, ಸರಿಹೋಗುತ್ತದೆ" ಎಂದೋ ಮಾತು ಮುಗಿಸುತ್ತೇವೆ. ಅಂಥವರ ಬಳಿ ದಾದಿಯರು ಹೇಗೆ ನಡೆದುಕೊಳ್ಳುತ್ತಾರೆ, ಅವರಿಂದ ನಾವು ಏನು ಕಲಿಯಬಹುದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಒತ್ತಡ ಬೇರೆ, ಆತಂಕ ಬೇರೆ

ಆನೆ ಹೊಲಕ್ಕೆ ನುಗ್ಗಿತು, ಸಾಲದ ಕಂತು ಬಂತು, ಮಗಳ ಪರೀಕ್ಷೆ ಹತ್ತಿರವಾಯಿತು. ಇವು ತರುವ ಭಾರವೇ ಒತ್ತಡ. ಕಾರಣ ಕಳೆದರೆ ಸಾಮಾನ್ಯವಾಗಿ ಒತ್ತಡವೂ ಇಳಿಯುತ್ತದೆ. ಕಾರಣ ಕಳೆದರೂ, ಕೆಲವೊಮ್ಮೆ ಕಾರಣವೇ ಇಲ್ಲದಿದ್ದರೂ, ಏನೋ ಕೆಡುಕಾಗಲಿದೆ ಎಂಬ ಭಯ ಬಿಡದೆ ಕಾಡುವುದು ಆತಂಕ. ಅದು ಆರು ತಿಂಗಳಿಗೂ ಹೆಚ್ಚು ಕಾಲ, ಬಹುತೇಕ ದಿನಗಳಲ್ಲಿ ಕಾಡಿ ನಿದ್ದೆ, ಊಟ, ಕೆಲಸ ಕೆಡಿಸಿದರೆ ವೈದ್ಯರು ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತಾರೆ. ಅದು ಹೇಡಿತನವಲ್ಲ, ವಿಶ್ವಾಸದ ಕೊರತೆಯೂ ಅಲ್ಲ.

ನಾಲ್ಕು ಮೆಟ್ಟಿಲು

ಅಮೆರಿಕದ ದಾದಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ದಾದಿ ಮತ್ತು ರೋಗಿಯ ನಡುವಿನ ಸಂಬಂಧವೇ ಶುಶ್ರೂಷೆಯ ತಿರುಳು ಎಂದು ವಿವರಿಸಿದರು. ಆತಂಕವನ್ನು ಅವರು ನಾಲ್ಕು ಹಂತಗಳಾಗಿ ವಿಂಗಡಿಸಿದ್ದು ಇಂದಿಗೂ ನರ್ಸಿಂಗ್ ಶಾಲೆಗಳಲ್ಲಿ ಪಾಠವಾಗಿದೆ.

1. ಅಲ್ಪ: ಮನಸ್ಸು ಚುರುಕಾಗಿರುತ್ತದೆ, ಕಲಿಯಬಲ್ಲದು.
2. ಮಧ್ಯಮ: ಎದುರಿನ ಒಂದೇ ವಿಷಯದತ್ತ ಗಮನ. ಉಳಿದದ್ದು ಕಿವಿಗೆ ಬೀಳದು.
3. ತೀವ್ರ: ಗಮನ ಚದುರುತ್ತದೆ. ತಲೆಭಾರ, ನಡುಕ, ಎದೆಬಡಿತ.
4. ದಿಗಿಲು: ತನ್ನ ಮೇಲೆ ತನಗೆ ಹಿಡಿತವಿಲ್ಲ. ಸತ್ತೇಹೋಗುತ್ತೇನೆ ಎಂಬ ಭಯ.

ಈ ವಿಂಗಡಣೆ ನಮಗೂ ಬೇಕು. ಮೂರನೆಯ ಅಥವಾ ನಾಲ್ಕನೆಯ ಮೆಟ್ಟಿಲಲ್ಲಿರುವವರಿಗೆ ಬುದ್ಧಿವಾದ ತಲುಪುವುದೇ ಇಲ್ಲ. "ಧೈರ್ಯ ತಂದುಕೋ" ಎಂದು ಹತ್ತು ಸಲ ಹೇಳಿದರೂ ಫಲವಿಲ್ಲ. ಮೊದಲು ಅವರನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು, ಮಾತು ಆಮೇಲೆ.

ದಿಗಿಲು ಹಿಡಿದಾಗ

ಅವರನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಟಿ.ವಿ. ಆರಿಸಿ, ನೆರೆದವರನ್ನು ಹೊರಗೆ ಕಳುಹಿಸಿ. "ನಾನು ಇಲ್ಲೇ ಇದ್ದೇನೆ" ಎಂಬಂಥ ಚಿಕ್ಕ ಮಾತು ಸಾಕು. ಕೇಳದೆ ಮೈ ಮುಟ್ಟಬೇಡಿ. ನಿಧಾನವಾಗಿ ಉಸಿರು ಬಿಡುವುದನ್ನು ನೀವೇ ಮಾಡಿ ತೋರಿಸಿ. ದಿಗಿಲಿನ ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತುದಿಗೇರಿ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ "ಏನಾಯಿತು?" ಎಂದು ಕೇಳಿ, ನಡುವೆ ಬಾಯಿ ಹಾಕದೆ ಆಲಿಸಿ.

ಒಂದು ಎಚ್ಚರಿಕೆ: ಎದೆನೋವು ಮೊದಲ ಬಾರಿ ಬಂದಿದ್ದರೆ ಅದನ್ನು ಆತಂಕವೆಂದು ನಾವೇ ತೀರ್ಮಾನಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ತೊಂದರೆಯೂ ಆತಂಕದಂತೆಯೇ ಕಾಣಿಸಬಹುದು.

ನಮ್ಮ ಭಾಷೆಯ ಕಷ್ಟ

ತಾಳವಾಡಿ ಕಡೆಯ ತಾಯಿಯೊಬ್ಬರು ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದರು ಎಂದುಕೊಳ್ಳೋಣ. ಮನೆಯಲ್ಲಾದರೆ ಅವರು "ಎದೆ ಝಲ್ ಅನ್ನುತ್ತೆ, ಜೀವ ನಿಲ್ಲೋದಿಲ್ಲ" ಎನ್ನುತ್ತಿದ್ದರು. ಅಲ್ಲಿ ಕೇಳುವುದು ತಮಿಳಿನಲ್ಲಿ. ಅವರಿಗೆ ಹೊಳೆಯುವ ಪದ ಒಂದೇ, 'ವಲಿ'. ನೋವು ಎಂದ ಮೇಲೆ ನೋವಿನದೇ ಪರೀಕ್ಷೆ, ನೋವಿನದೇ ಮಾತ್ರೆ. ಭಯದ ಮಾತು ಬಾಯೊಳಗೇ ಉಳಿಯುತ್ತದೆ. ತಪ್ಪು ಯಾರದೂ ಅಲ್ಲ, ನಷ್ಟ ಮಾತ್ರ ಆ ತಾಯಿಯದು.

ಎರಡೂ ಭಾಷೆ ಬಲ್ಲವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಜೊತೆಗೆ ಹೋಗುವುದೂ ಒಂದು ಶುಶ್ರೂಷೆಯೇ. ಹಾಗೆ ಹೋಗುವವರು ಮೂರು ನಿಯಮ ಪಾಲಿಸಬೇಕು. ರೋಗಿ ಒಪ್ಪಿದರೆ ಮಾತ್ರ ಒಳಗೆ ಹೋಗಿ. ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳಿ. ಕೇಳಿದ್ದನ್ನು ಊರಿಗೆ ತರಬೇಡಿ. ಮಕ್ಕಳನ್ನು ದುಭಾಷಿಯಾಗಿ ಕರೆದೊಯ್ಯುವುದು ಬೇಡ. ತಾಯಿ ಮಗುವಿನ ಮುಂದೆ ಎಲ್ಲವನ್ನೂ ಹೇಳಲಾರಳು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುನ್ನ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಗುಟ್ಟು ಕಾಯಬೇಕು. ಇದು ನಾವು ಬೇಡುವ ಉಪಕಾರವಲ್ಲ, ನಮ್ಮ ಹಕ್ಕು.

ಔಷಧಿ, ಪ್ರಾರ್ಥನೆ, ನೆರವು

ಆತಂಕಕ್ಕೆ ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಕೆಲಸ ತೋರಿಸಲು ಸಾಮಾನ್ಯವಾಗಿ ಕೆಲವು ವಾರ ಬೇಕು. ಮೂರು ದಿನ ನೋಡಿ ಬಿಡಬಾರದು. ಗುಣ ಕಂಡ ಮೇಲೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಕೆಲವು ನಿದ್ದೆ ಮಾತ್ರೆಗಳು ಚಟವಾಗುತ್ತವೆ. ಅವನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು. ಮದ್ಯ ಆ ರಾತ್ರಿ ಮಲಗಿಸಬಹುದು, ಮರುದಿನದ ಆತಂಕವನ್ನು ಹೆಚ್ಚಿಸುತ್ತದೆ.

ಪ್ರಾರ್ಥನೆ ಬಲ ಕೊಡುತ್ತದೆ. ಆದರೆ ಸಕ್ಕರೆ ಕಾಯಿಲೆಗೆ ಪ್ರಾರ್ಥಿಸುವವರು ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರಲ್ಲವೇ? ಇಲ್ಲೂ ಹಾಗೆಯೇ. ಗೆತ್ಸೆಮನೆ ತೋಪಿನಲ್ಲಿ ಸಂಕಟಪಟ್ಟ ಯೇಸುಸ್ವಾಮಿ ಶಿಷ್ಯರಿಂದ ಉಪದೇಶ ಬಯಸಲಿಲ್ಲ, ತಮ್ಮೊಡನೆ ಎಚ್ಚರವಾಗಿರಲು ಕೇಳಿಕೊಂಡರು.

"ಬದುಕು ಸಾಕು" ಎಂಬ ಮಾತು ಬಂದರೆ ಲಘುವಾಗಿ ಕಾಣಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ. ಭಾಷೆ ಆಯ್ದುಕೊಳ್ಳುವ ಸೌಲಭ್ಯವಿದೆ, ಕನ್ನಡ ಬೇಕೆಂದು ಆರಂಭದಲ್ಲೇ ತಿಳಿಸಿ.

ಚಿಂತನೆಗೆ

1. ನಮ್ಮ ನೆರೆಯಲ್ಲಿ ಇತ್ತೀಚೆಗೆ ಪೂಜೆಗೂ ಬಾರದೆ, ಯಾರೊಡನೆಯೂ ಬೆರೆಯದೆ ಇರುವವರು ಯಾರು?
2. ಅವರ ಮನೆಗೆ ಹೋದಾಗ ನಾವು ಹೆಚ್ಚು ಮಾತಾಡುತ್ತೇವೆಯೇ, ಆಲಿಸುತ್ತೇವೆಯೇ?
3. ಆಸ್ಪತ್ರೆಗೆ ಜೊತೆಯಾಗಿ ಹೋಗಬಲ್ಲ ಇಬ್ಬರನ್ನು ನಮ್ಮ ಕಿರು ಸಮುದಾಯದಲ್ಲಿ ಗುರುತಿಸಬಹುದೇ?