ಸೋರುವ ತೊಟ್ಟಿಗೆ ತೇಪೆ ಹಾಕಬೇಡ

ಮಗೂ, ನಡುಮನೆಯ ಹಳೆಯ ಮೀನಿನ ತೊಟ್ಟಿ ಒಂದು ಮೂಲೆಯಲ್ಲಿ ಜಿನುಗುತ್ತಿದೆ, ಅಲ್ಲಿಗೆ ಒಂದಿಷ್ಟು ಸಿಲಿಕೋನ್ ಮೆತ್ತಿದರೆ ಸಾಕಲ್ಲವೇ ಎಂದು ಕೇಳಿದೆಯಲ್ಲ. ಸಾಲದು. ಗಟ್ಟಿಯಾದ ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಸುಣ್ಣ ಉದುರುವ ಗೋಡೆಯನ್ನು ಕೆರೆಯದೆ ಬಣ್ಣ ಬಳಿದ ಹಾಗೆ, ನಾಲ್ಕು ದಿನ ಚೆನ್ನಾಗಿ ಕಂಡು ಆಮೇಲೆ ಪದರವಾಗಿ ಏಳುತ್ತದೆ. ಹೊರಗಿನಿಂದ ಮೆತ್ತಿದರಂತೂ ಒಳಗಿನ ನೀರೇ ಅದನ್ನು ತಳ್ಳಿಹಾಕುತ್ತದೆ. ಒಳಮೂಲೆಗಳ ಹಳೆಯ ಪಟ್ಟಿಯನ್ನು ಪೂರ್ತಿ ತೆಗೆದು, ಎಲ್ಲ ಮೂಲೆಗಳಿಗೂ ಹೊಸದಾಗಿ ಎಳೆಯುವುದೇ ಸರಿಯಾದ ದಾರಿ. ಇದು ಮನೆಯಲ್ಲೇ ಆಗುವ ಕೆಲಸ. ಆದರೆ ಅವಸರಕ್ಕೆ ಒಗ್ಗುವ ಕೆಲಸವಲ್ಲ.

ಮೊದಲು ಸೋರಿಕೆ ನಿಜವೇ ನೋಡು. ಫಿಲ್ಟರ್ ಕೊಳವೆಯಿಂದ ಹನಿದ ನೀರು, ಗಾಜಿನ ಹೊರಗೆ ಕಟ್ಟಿದ ಮಂಜುಹನಿ, ಇವೂ ಸೋರಿಕೆಯಂತೆಯೇ ಕಾಣುತ್ತವೆ. ಹೊರಭಾಗವನ್ನು ಚೆನ್ನಾಗಿ ಒರೆಸಿ, ಅಂಚುಗಳ ಉದ್ದಕ್ಕೂ ಟಿಶ್ಯೂ ಕಾಗದ ಒತ್ತಿ ಇಡು. ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕು. ನೆನಪಿಡು, ನೀರು ಒಂದು ಕಡೆ ಹೊರಬಂದು ತಳದಂಚಿನಲ್ಲಿ ಹರಿದು ಇನ್ನೊಂದು ಕಡೆ ಹನಿಯಬಹುದು. ಗಾಜಿನಲ್ಲೇ ಬಿರುಕಿದ್ದರೆ ಸಿಲಿಕೋನ್ ಅದಕ್ಕೆ ಮದ್ದಲ್ಲ; ಆ ಗಾಜನ್ನೇ ಬದಲಿಸಬೇಕು.

ತೊಟ್ಟಿಯಲ್ಲಿ ಸಿಲಿಕೋನ್ ಎರಡು ಕಡೆ ಇರುತ್ತದೆ. ಗಾಜಿಗೂ ಗಾಜಿಗೂ ನಡುವೆ ಕೂತ ತೆಳು ಪದರವೇ ತೊಟ್ಟಿಯನ್ನು ಹಿಡಿದು ನಿಲ್ಲಿಸಿರುವುದು. ಒಳಮೂಲೆಯಲ್ಲಿ ಕಾಣುವ ಪಟ್ಟಿ ಆ ಬೆಸುಗೆಗೆ ಕಾವಲು. ನಡುವಿನ ಪದರದಲ್ಲಿ ಗುಳ್ಳೆಗಳು ಅಂಚಿನಿಂದ ಅಂಚಿಗೆ ಸಾಲಾಗಿ ಕಂಡರೆ, ಗಾಜು ಬಿಟ್ಟುಕೊಂಡಿದ್ದರೆ, ತೊಟ್ಟಿಯನ್ನು ಬಿಚ್ಚಿಯೇ ಕಟ್ಟಬೇಕು. ಅದನ್ನು ತೊಟ್ಟಿ ಕಟ್ಟುವವರಿಗೆ ಬಿಡು. ಪದರ ಗಟ್ಟಿಯಾಗಿದ್ದು ಒಳಪಟ್ಟಿ ಮಾತ್ರ ಎದ್ದಿದ್ದರೆ ನೀನೇ ಮಾಡಬಹುದು.

ಕೆಲಸಕ್ಕೆ ಕೈಹಾಕುವ ಮೊದಲು ಮೀನುಗಳಿಗೆ ಜಾಗ ಮಾಡು. ಸೋಪು ಕಾಣದ ದೊಡ್ಡ ಪ್ಲಾಸ್ಟಿಕ್ ಟಬ್ ತಂದು, ತೊಟ್ಟಿಯ ಹಳೆಯ ನೀರನ್ನೇ ತುಂಬಿಸಿ, ಫಿಲ್ಟರನ್ನು ಅದರಲ್ಲೇ ಓಡಿಸು. ಫಿಲ್ಟರಿನ ಸ್ಪಂಜನ್ನು ಒಣಗಿಸಬೇಡ, ನಲ್ಲಿ ನೀರಿನಲ್ಲಿ ತೊಳೆಯಬೇಡ. ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು. ಅವು ಸತ್ತರೆ ತೊಟ್ಟಿ ಗಟ್ಟಿಯಾದರೂ ಮೀನು ಉಳಿಯುವುದು ಕಷ್ಟ. ಟಬ್ಬಿನ ಮೇಲೆ ಬಲೆ ಹಾಸು. ಆಹಾರ ಕಡಿಮೆ ಹಾಕು.

ಈಗ ಕೆರೆಯುವ ಕೆಲಸ. ನೀರು, ಮರಳು, ಕಲ್ಲು ಎಲ್ಲ ತೆಗೆದ ಮೇಲೆಯೇ ತೊಟ್ಟಿಯನ್ನು ಎತ್ತು. ಒಂದಂಗುಲ ನೀರಿದ್ದರೂ ಎತ್ತುವಾಗ ಬೆಸುಗೆ ಜಗ್ಗುತ್ತದೆ. ಹೊಸ ಬ್ಲೇಡನ್ನು ಗಾಜಿಗೆ ಮಲಗಿಸಿ ಹಿಡಿದು ಪಟ್ಟಿಯನ್ನು ಕೊಯ್ಯುತ್ತ ಬಾ. ಬ್ಲೇಡು ಎರಡು ಗಾಜಿನ ಸಂದಿಗೆ ನುಗ್ಗದಿರಲಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಇದ್ದರೆ ವಿನೆಗರ್ ಹಚ್ಚಿ ನೆನೆಸಿ ಉಜ್ಜು, ನೀರಿನಲ್ಲಿ ತೊಳೆದು ಒಣಗಿಸು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನಿನಲ್ಲಿ ಒರೆಸು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರಬಹುದು. ಒರೆಸಿದ ಮೇಲೆ ಬೆರಳು ತಾಗಿಸಬೇಡ. ಚರ್ಮದ ಜಿಡ್ಡು ಸಾಕು, ಅಲ್ಲಿ ಸಿಲಿಕೋನ್ ಹಿಡಿಯುವುದಿಲ್ಲ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ ಉರಿಯದಿರಲಿ.

ಕೊಳ್ಳುವಾಗ ಟ್ಯೂಬಿನ ಮೇಲಿರುವುದನ್ನು ಓದು. ಅಕ್ವೇರಿಯಂಗೆ ಎಂದೇ ಬರೆದಿರುವ, ನೂರಕ್ಕೆ ನೂರು ಸಿಲಿಕೋನ್ ಇರುವುದನ್ನೇ ತಾ. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಸಿಲಿಕೋನ್ ಖಂಡಿತ ಬೇಡ. ಬೂಷ್ಟನ್ನು ಕೊಲ್ಲುವ ಔಷಧ ಮೀನಿಗೂ ವಿಷ. ಅವಧಿ ಮುಗಿದ ಟ್ಯೂಬು ಗಟ್ಟಿಯಾಗದೆ ಮೆತ್ತಗೇ ಉಳಿಯಬಹುದು. ಅದಕ್ಕೇ ಮೊದಲು ಗಾಜಿನ ಚೂರಿನ ಮೇಲೆ ಸ್ವಲ್ಪ ಹಾಕಿ ಮಾರನೆಯ ದಿನ ಉಗುರಿನಿಂದ ಕಿತ್ತು ನೋಡು.

ಮೂಲೆಯ ಎರಡೂ ಬದಿಗೆ ಸುಮಾರು 6 ಮಿಲಿಮೀಟರ್ ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸು. ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ಟ್ಯೂಬನ್ನು ಸಿಲಿಕೋನ್ ಗನ್ನಿಗೆ ಹಾಕಿ ಒಂದೇ ಸಮನೆ ಒತ್ತುತ್ತ ಎಳೆ. ಗ್ಲೌಸ್ ಹಾಕಿದ ಬೆರಳಿನಿಂದ ಒಂದೇ ಸಲ ಸವರು. ಮತ್ತೆ ಮತ್ತೆ ತಿದ್ದಿದಷ್ಟೂ ಕೆಡುತ್ತದೆ. ಮೇಲೆ ಕೆನೆ ಕಟ್ಟುವುದಕ್ಕೆ ಕೆಲವೇ ನಿಮಿಷ ಸಾಕು, ಅಷ್ಟರೊಳಗೆ ಟೇಪ್ ಕಿತ್ತುಬಿಡು. ತಳದ ನಾಲ್ಕು ಅಂಚು, ನಿಂತ ನಾಲ್ಕು ಮೂಲೆ, ಎಲ್ಲವೂ ಒಂದೇ ಬಾರಿಗೆ ಮುಗಿಯಲಿ. ಇವತ್ತರ್ಧ ನಾಳೆಯರ್ಧ ಮಾಡಿದರೆ ಹಳೆಯದಕ್ಕೆ ಹೊಸದು ಹಿಡಿಯದ ತೊಂದರೆಯೇ ಮತ್ತೆ ಎದುರಾಗುತ್ತದೆ.

ಆಮೇಲೆ ಮುಟ್ಟಬೇಡ. ಸಿಲಿಕೋನ್ ಗಾಳಿಯ ತೇವವನ್ನು ಹೀರಿ ಮೇಲಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಒಂದು ದಿನಕ್ಕೆ ಸುಮಾರು 2-3 ಮಿಲಿಮೀಟರ್ ಅಷ್ಟೇ. ಬಿಸಿಲಿಗಿಟ್ಟು ಅವಸರ ಮಾಡಬೇಡ. ಗಟ್ಟಿಯಾಗುವಾಗ ವಿನೆಗರಿನ ವಾಸನೆ ಬರುತ್ತಿರುತ್ತದೆ. ಆ ವಾಸನೆ ಪೂರ್ತಿ ಹೋಗುವ ತನಕ, ಕಡಿಮೆಯೆಂದರೂ ಮೂರು ದಿನ, ಸಾಧ್ಯವಾದರೆ ಒಂದು ವಾರ, ತೊಟ್ಟಿಯನ್ನು ತೆರೆದೇ ಬಿಡು.

ನೀರು ತುಂಬಿಸಿ ನೋಡುವುದು ನಡುಮನೆಯಲ್ಲಿ ಅಲ್ಲ, ಅಂಗಳದಲ್ಲೋ ಬಾಲ್ಕನಿಯಲ್ಲೋ. ರಸಮಟ್ಟ ಇಟ್ಟು ಸಮ ನೋಡಿಕೊಂಡು, ಥರ್ಮಾಕೋಲ್ ಹಾಸಿ ಅದರ ಮೇಲೆ ತೊಟ್ಟಿ ಇಡು. ಅಂಚುಗಳ ಕೆಳಗೆ ಒಣ ಪತ್ರಿಕೆ ಇರಲಿ. ಮೊದಲು ಮೂರನೆಯ ಒಂದು ಭಾಗ, ಕೆಲವು ಗಂಟೆಗಳ ಬಳಿಕ ಮೂರನೆಯ ಎರಡು, ಆಮೇಲೆ ಪೂರ್ತಿ. ಹಾಗೆಯೇ ಎರಡು ದಿನ ಬಿಡು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಣ್ಣ ತೊಟ್ಟಿಗೇ ಸುಮಾರು 56 ಲೀಟರ್ ನೀರು, ಅಂದರೆ 56 ಕಿಲೋ ಭಾರ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದಾದರೆ 190 ಲೀಟರ್. ಅಷ್ಟು ನೀರು ರಾತ್ರಿ ನೆಲಕ್ಕೆ ಹರಿದರೆ ಮೀನೂ ಹೋಯಿತು, ವಿದ್ಯುತ್ ಪ್ಲಗ್ಗಿನ ಅಪಾಯ ಬೇರೆ. ಪತ್ರಿಕೆ ಒಣಗಿಯೇ ಇದ್ದರೆ ಆ ನೀರನ್ನು ಚೆಲ್ಲಿ, ತೊಟ್ಟಿಯನ್ನು ಅದರ ಜಾಗದಲ್ಲಿಟ್ಟು, ಕ್ಲೋರಿನ್ ತೆಗೆದ ನೀರು ತುಂಬಿಸಿ, ಫಿಲ್ಟರ್ ಮೊದಲು, ಮೀನು ಆಮೇಲೆ ಬಿಡು.

ಸಿಲಿಕೋನ್ ಹಚ್ಚುವ ಕೆಲಸ ಅರ್ಧ ಗಂಟೆಯದು. ತೊಟ್ಟಿ ಉಳಿಯುವುದು ಅದಕ್ಕಿಂತ ಮೊದಲು ನೀನು ಕೆರೆದು ಒರೆಸುವುದರ ಮೇಲೆ, ಅದಾದ ಮೇಲೆ ಕಾಯುವುದರ ಮೇಲೆ. ಒಂದು ವಾರ ಬಿಡುವಿದ್ದರೆ ಮಾತ್ರ ಬ್ಲೇಡು ಹಿಡಿ. ಬಿಡುವಿಲ್ಲದಿದ್ದರೆ ಮೀನುಗಳನ್ನು ಟಬ್ಬಿನಲ್ಲೇ ನೆಮ್ಮದಿಯಾಗಿ ಇಟ್ಟುಕೊಂಡು, ಬಿಡುವಾದಾಗ ಮಾಡು.