ಫಾದರಿಂಗೇ ಕೋಟೆಯ ಮಣ್ದಿಬ್ಬ

1066ರ ಹೇಸ್ಟಿಂಗ್ಸ್ ಕದನದಲ್ಲಿ ಜಯಶೀಲರಾದ ನಾರ್ಮನ್ನರು, ಗೆದ್ದ ನಾಡನ್ನು ಶೀಘ್ರವಾಗಿ ಅಂಕೆಯಲ್ಲಿರಿಸುವ ಸಲುವಾಗಿ, ಕಂದಕವನ್ನು ತೋಡಿ, ತೆಗೆದ ಮಣ್ಣನ್ನೇ ಒಟ್ಟಿ ದಿಬ್ಬವನ್ನೆಬ್ಬಿಸಿ, ಅದರ ನೆತ್ತಿಯ ಮೇಲೆ ಮರದ ಬುರುಜನ್ನು ನಿಲ್ಲಿಸಿ, ಬುಡದಲ್ಲಿ ಗೂಟಗಳ ಸಾಲಿನಿಂದ ಪರಿವೃತವಾದ ಅಂಗಳವನ್ನು ರಚಿಸುವ ಕ್ರಮವನ್ನು ಇಂಗ್ಲೆಂಡಿನಲ್ಲಿ ವ್ಯಾಪಕವಾಗಿ ಅನುಸರಿಸಿದರು. ದಿಬ್ಬಕ್ಕೆ ‘ಮಾಟ್’ ಎಂದೂ ಅಂಗಳಕ್ಕೆ ‘ಬೆಯ್ಲಿ’ ಎಂದೂ ಹೆಸರು.

ನಾರ್ಥಾಂಪ್ಟನ್‌ಷೈರ್ ಪ್ರಾಂತದಲ್ಲಿ, ನೀನ್ ನದಿಯ ದಡದಲ್ಲಿ, ಸುಮಾರು 1100ರಲ್ಲಿ ನಿರ್ಮಿತವಾದ ಫಾದರಿಂಗೇ ಕೋಟೆ ಇದಕ್ಕೆ ಉತ್ತಮ ನಿದರ್ಶನ. ಮುಂದೆ ಯಾರ್ಕ್ ವಂಶದವರ ವಾಸಸ್ಥಾನವಾದ ಇಲ್ಲಿಯೇ 1452ರ ಅಕ್ಟೋಬರ್ 2ರಂದು ಮೂರನೆಯ ರಿಚರ್ಡನು ಜನಿಸಿದನು. ಇಲ್ಲಿಯೇ 1586ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಮೇರಿ ರಾಣಿ ರಾಜದ್ರೋಹದ ವಿಚಾರಣೆಗೆ ಗುರಿಯಾಗಿ, 1587ರ ಫೆಬ್ರುವರಿ 8ರಂದು ಕೋಟೆಯ ಮಹಾಸಭಾಂಗಣದಲ್ಲಿ ಶಿರಚ್ಛೇದಕ್ಕೊಳಗಾದಳು. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವಳು ಒಂದನೆಯ ಎಲಿಜಬೆತ್.

ತಾಯಿ ಮೇರಿಯ ಸಾವಿಗೆ ಪ್ರತೀಕಾರವಾಗಿ ಮಗನಾದ ಒಂದನೆಯ ಜೇಮ್ಸನು ಕೋಟೆಯನ್ನು ಕೆಡವಿಸಿದನೆಂಬ ಕಥೆ ಮನೋಹರವೇನೋ ಹೌದು, ಆದರೆ ನಿಲ್ಲತಕ್ಕದ್ದಲ್ಲ; ಅವನು ಮೃತನಾದ 1625ರಲ್ಲಿಯೂ ಕೋಟೆ ನಿಂತೇ ಇದ್ದಿತು, ಕಲ್ಲುಗಳು ಚದುರಿದ್ದು ಅನಂತರದ ವರ್ಷಗಳಲ್ಲಿ. ಈಗ ಉಳಿದಿರುವುದು ಹುಲ್ಲು ಹೊದೆದ ದಿಬ್ಬ, ಕಂದಕದ ತಗ್ಗು, ಮತ್ತು ನದಿಯಂಚಿನಲ್ಲಿ ಕಬ್ಬಿಣದ ಕಟಕಟೆಯೊಳಗಿರುವ ಗಾರೆಗಲ್ಲಿನ ಒಂದೇ ಒಂದು ಗಟ್ಟಿ.